ಆಧಿಯೂ ವ್ಯಾಧಿಯೂ

ಮನಸ್ಸಿನ ವ್ಯಥೆಗೆ ಆಧಿಯೆಂದೂ ದೇಹದ ರೋಗಕ್ಕೆ ವ್ಯಾಧಿಯೆಂದೂ ಸಂಸ್ಕೃತದಲ್ಲಿ ಎರಡು ಹೆಸರುಗಳುಂಟು. ಹೆಸರು ಬೇರೆಯಾದರೂ ಇವೆರಡರ ನಂಟು ಬಿಡಿಸಲಾಗದು. ಕುಂದಾಪುರದ ಮಳೆಗಾಲದಲ್ಲಿ ಜ್ವರ ಹಿಡಿದು ಮಲಗಿದವರು ಇದನ್ನು ಬಲ್ಲರು: ಗಂಜಿ ರುಚಿಸದು, ಮಾತು ಬೇಡವಾಗುವುದು, ಮನಸ್ಸು ಕುಗ್ಗುವುದು. ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳು ಸ್ರವಿಸುವ ಸೈಟೊಕೈನ್ ಎಂಬ ದ್ರವ್ಯಗಳು ದೂತರಂತೆ ಮೆದುಳಿಗೂ ಸುದ್ದಿ ಮುಟ್ಟಿಸುವುದೇ ಇದಕ್ಕೆ ಕಾರಣ.

ಸ್ಕಿಜೋಫ್ರೇನಿಯ ಎಂಬ ಚಿತ್ತರೋಗದಲ್ಲಿ ಇಲ್ಲದ ದನಿಗಳು ಕೇಳಿಸುವುವು. ಮನೆಯವರ ಮೇಲೆಯೇ ಸಂಶಯ ಹುಟ್ಟುವುದು. ಇಂಥ ಅನೇಕರ ರಕ್ತದಲ್ಲಿ ಇಂಟರ್‌ಲ್ಯೂಕಿನ್-೬ ಎಂಬ ದೂತದ್ರವ್ಯವು ಹೆಚ್ಚಾಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ಶೋಧನೆ ನಡೆದಿದೆ. ರೋಗನಿರೋಧಕ್ಕೆ ಸೇರಿದ ಸಿ೪ ಎಂಬ ವಂಶವಾಹಿಯ ಕೆಲವು ರೂಪಗಳು ಈ ರೋಗದ ಸಂಭವವನ್ನು ತುಸು ಹೆಚ್ಚಿಸುವುವೆಂದು ೨೦೧೬ರಲ್ಲಿ ತಿಳಿದುಬಂದಿತು. ಈ ರೋಗಿಗಳ ಖಿನ್ನತೆಗೂ ದೇಹದ ಉರಿಯೂತಕ್ಕೂ ಸಂಬಂಧವಿರಬಹುದೆಂದು ಕೆಲವು ಅಧ್ಯಯನಗಳು ಸೂಚಿಸುತ್ತವೆ. ಆದರೆ ಸಂಬಂಧವಿದ್ದ ಮಾತ್ರಕ್ಕೆ ಅದೇ ಕಾರಣವೆನ್ನಲಾಗದು. ಧೂಮಪಾನದಿಂದಲೂ ಬೊಜ್ಜಿನಿಂದಲೂ ಇಂಥ ದ್ರವ್ಯಗಳು ಏರುವುವು.

ಬೈಂದೂರಿನ ಕಡೆಯ ನನ್ನ ಶಿಷ್ಯನೊಬ್ಬನು, ಔಷಧದಿಂದ ದನಿಗಳು ಅಡಗಿದ ಮೇಲೆಯೂ, ದಿನವಿಡೀ ಜಗಲಿಯ ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದನು. ಆಲಸ್ಯವೆಂದು ನಾನೂ ಗದರಿದೆನು. ಅದು ಖಿನ್ನತೆಯೆಂದು ವೈದ್ಯರು ಹೇಳಿದಾಗ ನಾಚಿದೆನು.

ವಾಚಕರೇ, ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಗದರಬೇಡಿರಿ, ಔಷಧವನ್ನು ನಿಲ್ಲಿಸಬೇಡಿರಿ. ಮೌನ, ಅನ್ನದ್ವೇಷ, ಸಾವಿನ ಮಾತು ಕಂಡುಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಿರಿ. ಜ್ವರ ಬಂದವರಿಗೆ ತೋರುವ ಕನಿಕರಕ್ಕೆ ಇವರೂ ಅರ್ಹರು.