ಮರಿಯೇ ಲಾಳಿ

ಕುಂದಾಣದ ಕಡೆ ಮಾವಿನ ಮರ ಹತ್ತಿದವರಿಗೆ ಕೆಂಜಿಗ ಇರುವೆಯ ಪರಿಚಯ ಬೇಕಿಲ್ಲ. ಹಸಿರೆಲೆಗಳ ಉಂಡೆಯೊಂದಕ್ಕೆ ಮೊಣಕೈ ತಾಕಿದರೆ ಸಾಕು, ಕತ್ತುಪಟ್ಟಿಯೊಳಗೆಲ್ಲ ಉರಿ. ಇದಕ್ಕೆ ಚುಚ್ಚುವ ಕೊಂಡಿಯಿಲ್ಲ. ದವಡೆಯಿಂದ ಕಚ್ಚಿ, ಹೊಟ್ಟೆಯ ತುದಿಯಿಂದ ಆ ಗಾಯಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಮಲೆನಾಡಿನವರು ಇದನ್ನೇ ಚಿಗಳಿ ಎಂದು ಕರೆದು ಚಟ್ನಿ ಅರೆಯುತ್ತಾರೆ. ಚಟ್ನಿಯ ಹುಳಿಯೂ ಅದೇ ಆಮ್ಲದ್ದು.

ಆ ಉಂಡೆಯೇ ಗೂಡು. ಅದನ್ನು ಕಟ್ಟುವ ಬಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಬೆಳೆದ ಈ ಸೀಮೆಯವರಿಗೆ ಬೇಗ ಅರ್ಥವಾದೀತು. ಕೆಲಸಗಾರ ಇರುವೆಗಳು ಸಾಲಾಗಿ ನಿಂತು, ಒಂದೆಲೆಯ ಅಂಚನ್ನು ಕಾಲಲ್ಲಿ ಹಿಡಿದು, ಇನ್ನೊಂದರ ಅಂಚನ್ನು ದವಡೆಯಲ್ಲಿ ಕಚ್ಚಿ ಎಳೆಯುತ್ತವೆ. ಎಟುಕದಿದ್ದರೆ ಒಂದರ ನಡುವನ್ನು ಇನ್ನೊಂದು ಕಚ್ಚಿ ಸರಪಳಿಯಾಗುತ್ತವೆ. ಅಂಚುಗಳು ಹತ್ತಿರ ಬಂದ ಮೇಲೆ ಬೇರೆ ಕೆಲವು ಇರುವೆಗಳು ಬಲಿತ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತರುತ್ತವೆ. ಕುಡಿಮೀಸೆಯಿಂದ ತಟ್ಟಿದರೆ ಮರಿ ನೂಲು ಬಿಡುತ್ತದೆ. ಈ ಅಂಚಿಗೊಮ್ಮೆ, ಆ ಅಂಚಿಗೊಮ್ಮೆ ಅದರ ತಲೆ ಮುಟ್ಟಿಸುತ್ತಾ ಹೋದರೆ ಎಲೆಗಳ ನಡುವೆ ಬಿಳಿ ಬಟ್ಟೆಯೇ ಸಿದ್ಧ. ದೊಡ್ಡಬಳ್ಳಾಪುರದ ಮಗ್ಗದಲ್ಲಿ ಲಾಳಿ ಖಾಲಿಯಾದರೆ ನೂಲು ತುಂಬಬೇಕು. ಇಲ್ಲಿ ಲಾಳಿಯೇ ನೂಲನ್ನೂ ಮಾಡುತ್ತದೆ.

ಚಂದ್ರಿಕೆಯ ಮೇಲಿನ ರೇಷ್ಮೆ ಹುಳು ನೂಲನ್ನೆಲ್ಲ ತನ್ನ ಸುತ್ತ ಸುತ್ತಿಕೊಳ್ಳುತ್ತದೆ. ಕೆಂಜಿಗದ ಮರಿ ಮನೆಗೆ ಕೊಟ್ಟು, ತಾನು ಬತ್ತಲೆಯಾಗಿಯೇ ಕೋಶಾವಸ್ಥೆಗೆ ಜಾರುತ್ತದೆ. ತ್ಯಾಗ ಎನ್ನೋಣವೆಂದರೆ, ಪಾಪ, ಅದನ್ನು ಯಾರೂ ಕೇಳಿಯೇ ಇಲ್ಲ.

ಒಂದೇ ರಾಣಿಯ ಸಂಸಾರ ಹಲವು ಮರಗಳಿಗೆ ಹಬ್ಬಿ ಲಕ್ಷಗಟ್ಟಲೆ ಆಗಬಹುದು. ಅಷ್ಟು ಬಾಯಿಗಳಿಗೆ ಎಲೆ ತಿನ್ನುವ ಹುಳುಗಳೇ ಊಟ. ಇದನ್ನು ಚೀನದವರು ಮೊದಲೇ ಕಂಡುಕೊಂಡಿದ್ದರು. ಕ್ರಿ.ಶ. 304ರ ಸುಮಾರಿಗೆ ಜೀ ಹಾನ್ ಬರೆದದ್ದೆನ್ನಲಾದ ಸಸ್ಯಗ್ರಂಥದಲ್ಲಿ, ಕಿತ್ತಳೆ ಜಾತಿಯ ಮರ ಕಾಯಲು ಇರುವೆ ಗೂಡುಗಳನ್ನು ಸಂತೆಯಲ್ಲಿ ಮಾರುತ್ತಿದ್ದ ವಿಷಯವಿದೆ. ನಮ್ಮ ದೇವನಹಳ್ಳಿ ಚಕ್ಕೋತವೂ ಅದೇ ಕುಲದ್ದು.

ಕೆಂಜಿಗದ ದಾಯಾದಿ ಆಫ್ರಿಕಾದಲ್ಲಿದೆ. ಘಾನಾದ ಕೋಕೋ ತೋಟಗಳಲ್ಲಿ ಅದು ರಸ ಹೀರುವ ತಿಗಣೆಗಳನ್ನು ಹತ್ತಿಕ್ಕುತ್ತದೆ. ಅಲ್ಲೇ ಕ್ರಿಮಟೋಗ್ಯಾಸ್ಟರ್ ಎಂಬ ಇನ್ನೊಂದು ಪುಟ್ಟ ಮರವಾಸಿ ಇರುವೆಯಿದೆ. ಕೆಣಕಿದರೆ ಹೃದಯದಾಕಾರದ ಹೊಟ್ಟೆಯನ್ನು ಬೆನ್ನ ಮೇಲೆತ್ತಿ ನಿಲ್ಲುತ್ತದೆ. ಇದು ಹಿಟ್ಟುತಿಗಣೆಗಳಿಗೆ ಚಪ್ಪರ ಹಾಕಿ ಸಾಕುತ್ತದೆ. ಅವು ಒಸರುವ ಸಿಹಿಯೇ ಇದರ ಕೂಲಿ. ಆ ಹಿಟ್ಟುತಿಗಣೆಗಳಿಂದಲೇ ಕೋಕೋ ಕಾಂಡ ಉಬ್ಬಿಸುವ ವೈರಸ್ ಮರದಿಂದ ಮರಕ್ಕೆ ದಾಟುತ್ತದೆ. ರೋಗ ಬೆಳಕಿಗೆ ಬಂದದ್ದು 1936ರಲ್ಲಿ. ಬಲಾಢ್ಯ ಜಾತಿಗಳೆರಡು ಒಂದೇ ಮರದಲ್ಲಿ ಬಾಳುವುದು ಅಪರೂಪ. ಹೀಗಾಗಿ ತೋಟವೇ ಇರುವೆಗಳ ಪಾಳೆಯಪಟ್ಟುಗಳಾಗಿ ಹರಿದುಹಂಚಿರುತ್ತದೆ.

ಹಾಗಂತ ನಮ್ಮ ಕೆಂಜಿಗವೂ ಶುದ್ಧಹಸ್ತವಲ್ಲ; ಸಿಹಿಯಾಸೆಗೆ ಹಿಟ್ಟುತಿಗಣೆ, ಶಲ್ಕಕೀಟಗಳನ್ನು ಸಾಕುವ ಚಾಳಿ ಇದಕ್ಕೂ ಉಂಟು. ತೋಪಿನಲ್ಲಿ ಔಷಧಿ ಹೊಡೆಯುವ ಮುನ್ನ ಚಿಗುರಿನ ಕೊಂಬೆಯೊಂದನ್ನು ಬಗ್ಗಿಸಿ, ಎಲೆ ಮಗುಚಿ ನೋಡಿ. ಬಿಳಿ ಹಿಟ್ಟು ಕಂಡರೆ ಒಂದು ಲೆಕ್ಕ. ಸತ್ತ ಕಂಬಳಿಹುಳುವನ್ನು ನಾಲ್ಕಾರು ಇರುವೆಗಳು ಗೂಡಿನತ್ತ ಎಳೆಯುತ್ತಿದ್ದರೆ ಬೇರೆಯೇ ಲೆಕ್ಕ.