ಬೆರಳು ಒಂದೇ, ಯಂತ್ರ ಹಲವು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ. ಆದುದರಿಂದ ತೆಲಸಂಗದಲ್ಲಿ ನೆರೆಮನೆಯ ಅಜ್ಜನವರ ಅರ್ಜಿಯೊಂದನ್ನು ಕಂಪ್ಯೂಟರಿನಲ್ಲಿ ಬರೆದುಕೊಡುವ ಭಾರ ನನ್ನ ಮೇಲೆ ಬಿತ್ತು. ಕಾಲೇಜಿನ ಯಂತ್ರದಲ್ಲಿ ಸರಾಗವಾಗಿ ಓಡುತ್ತಿದ್ದ ಬೆರಳು, ಗೆಳೆಯನ ಯಂತ್ರದಲ್ಲಿ ‘ಜಲ’ ಎಂದು ಒತ್ತಿದರೆ ಪರದೆಯ ಮೇಲೆ ‘ರತ’ ಎಂದು ಮೂಡಿತು! “ಯಾಕೋ ತಮ್ಮಾ, ನಿನ್ನ ಕಲಿಕಿ ಕಾಲೇಜಿನ ಪೆಟ್ಟಿಗಿಗಷ್ಟ ಐತೇನ?” ಎಂದು ಅಜ್ಜನವರು ಕೇಳಿದರು. ನಾನು ನಾಚಿದೆ. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಯಂತ್ರದಲ್ಲಿ ಕನ್ನಡ ಮೂಡಬೇಕಾದರೆ ಎರಡು ಒಪ್ಪಂದಗಳು ಬೇಕು. ಯಾವ ಕೀಲಿಗೆ ಯಾವ ಅಕ್ಷರವೆಂಬುದು ಮೊದಲನೆಯದು. ಇದು ಕೀಲಿಮಣೆಯ ವಿನ್ಯಾಸ. ಆ ಅಕ್ಷರವನ್ನು ಯಂತ್ರವು ಯಾವ ಸಂಖ್ಯೆಯಿಂದ ನೆನಪಿಡಬೇಕೆಂಬುದು ಎರಡನೆಯದು, ಇದು ಸಂಕೇತ.

ಶ್ರೀ ಕೆ. ಪಿ. ರಾಯರು ರೂಪಿಸಿದ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ನಾಡಿನಲ್ಲಿ ಹರಡಿತು, ‘ಕಗಪ’ ಎಂದು ಹೆಸರಾಯಿತು. ಇದರಲ್ಲಿ ಉಚ್ಚಾರವೇ ದಾರಿ: ಜೆ ಕೀಲಿಗೆ ‘ಜ’, ಎಲ್ ಕೀಲಿಗೆ ‘ಲ’. ವಿಂಡೋಸಿನೊಡನೆ ಬರುವ ಇನ್‌ಸ್ಕ್ರಿಪ್ಟ್ ವಿನ್ಯಾಸವು ಭಾರತದ ಹಲವು ಲಿಪಿಗಳಿಗೆ ಸಮಾನವಾದುದು. 1991ರ ಭಾರತೀಯ ಮಾನಕದಲ್ಲಿ ಸೇರಿದುದು. ಅಲ್ಲಿ ಜೆ ಕೀಲಿಗೆ ‘ರ’, ಎಲ್ ಕೀಲಿಗೆ ‘ತ’. ಒತ್ತಕ್ಷರಕ್ಕೆ ಬೇಕಾದ ಹಲಂತವು ಕಗಪದಲ್ಲಿ ಎಫ್, ಇನ್‌ಸ್ಕ್ರಿಪ್ಟಿನಲ್ಲಿ ಡಿ. ಯಂತ್ರ ತಪ್ಪಿರಲಿಲ್ಲ, ಒಪ್ಪಂದ ಬೇರೆಯಾಗಿತ್ತು.

ಇದಕ್ಕೆ ಮದ್ದು ಸುಲಭ. ವಿಂಡೋಸಿನಲ್ಲಿ ನುಡಿಯನ್ನು ಸ್ಥಾಪಿಸಿ ಯುನಿಕೋಡ್ ಆಯ್ಕೆಯನ್ನಿಟ್ಟುಕೊಳ್ಳಬೇಕು. ಲಿನಕ್ಸಿನಲ್ಲಿ ಕನ್ನಡ ವಿನ್ಯಾಸಗಳ ಪಟ್ಟಿಯಿಂದ ಕಗಪವನ್ನು ಆರಿಸಬೇಕು. ಆಗ ಎರಡರಲ್ಲಿಯೂ ಬೆರಳು ಒಂದೇ ದಾರಿ ಹಿಡಿಯುವದು.

ಯುನಿಕೋಡ್ ಏಕೆ? ಹಳೆಯ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂಡಿಸಿದ್ದವು. ಆ ಶೈಲಿ ಇಲ್ಲದ ಯಂತ್ರದಲ್ಲಿ ಬರಹವೆಲ್ಲ ಅರ್ಥವಿಲ್ಲದ ಗುರುತುಗಳಾಗುತ್ತಿತ್ತು. ಯುನಿಕೋಡಿನಲ್ಲಿಯಾದರೋ ‘ಕ’ ಅಕ್ಷರದ ಸಂಖ್ಯೆ 3221. ಅದು ಬೇರೆ ಯಾವ ಅಕ್ಷರಕ್ಕೂ ಇಲ್ಲ. ಒತ್ತಿದ ಕೀಲಿ ಯಾವುದೇ ಇರಲಿ, ಉಳಿಯುವದು ಆ ಸಂಖ್ಯೆಯೇ.

ಮರುದಿನ ಗೆಳೆಯನ ಯಂತ್ರದಲ್ಲಿಯೇ ಅರ್ಜಿ ಸಿದ್ಧವಾಯಿತು. ವಿದ್ಯಾರ್ಥಿಮಿತ್ರರೇ, ಕೀಲಿಗಳನ್ನು ಬಾಯಿಪಾಠ ಮಾಡಿದರೆ ಒಂದು ಯಂತ್ರ ವಶವಾದೀತು. ಅವುಗಳ ಹಿಂದಿನ ಒಪ್ಪಂದವನ್ನು ಅರಿತರೆ, ಊರಿನ ಯಾವ ಅಜ್ಜನ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.