ಬಿದನೂರಿನ ಅಂತಃಕಲಹವೂ ಚಿತ್ರದುರ್ಗವೂ

1763ರಲ್ಲಿ ಬಿದನೂರು ಹೈದರಾಲಿಯ ವಶವಾದುದನ್ನು ಆತನ ದಂಡಯಾತ್ರೆಗಳಲ್ಲೊಂದೆಂದು ಹೇಳಿ ಮುಗಿಸುವುದು ರೂಢಿ. ಆದರೆ ಆ ದಂಡಿಗೆ ಬಾಗಿಲು ತೆರೆದುದು ಕೆಳದಿಯ ಅರಮನೆಯೊಳಗಿನ ಕಲಹ. ಬಾಗಿಲಿನವರೆಗೆ ದಾರಿ ತೋರಿದವನು ಚಿತ್ರದುರ್ಗದ ಪಾಳೆಯಗಾರ.

1755ರಲ್ಲಿ ಬಸಪ್ಪನಾಯಕನು ತೀರಿಕೊಂಡ ಮೇಲೆ ದತ್ತಪುತ್ರ ಚನ್ನಬಸಪ್ಪನಾಯಕನ ಹೆಸರಿನಲ್ಲಿ ರಾಣಿ ವೀರಮ್ಮಾಜಿ ಆಳತೊಡಗಿದಳು. 1757ರಲ್ಲಿ ಆ ಹುಡುಗನು ಇಲ್ಲವಾದನು. ರಾಣಿಯೇ ಕೊಲ್ಲಿಸಿದಳೆಂಬ ವದಂತಿ ಹಬ್ಬಿತು. ಆಕೆ ಮತ್ತೊಬ್ಬ ಬಾಲಕನನ್ನು ದತ್ತು ತೆಗೆದುಕೊಂಡಳು. ಅತೃಪ್ತರಿಗೆ ಇನ್ನು ಬೇಕಾಗಿದ್ದುದು ಒಂದು ಹೆಸರು ಮಾತ್ರ. ಕೊಲ್ಲಬೇಕಾಗಿದ್ದ ಜಟ್ಟಿಯ ಕರುಣೆಯಿಂದ ಉಳಿದ ಚನ್ನಬಸಪ್ಪನೇ ತಾನೆಂದು ಹೇಳಿಕೊಂಡ ತರುಣನೊಬ್ಬನು ಕಾಣಿಸಿಕೊಂಡನು. ಹೈದರನು ಹಿರಿಯೂರಿನ ದಕ್ಷಿಣಕ್ಕಿರುವ ಸಿರಾದ ಪ್ರಾಂತವನ್ನು ಆಗಲೇ ಗೆದ್ದಿದ್ದನು. ಮದಕರಿನಾಯಕನು ಈ ತರುಣನನ್ನು ಆತನ ಮುಂದೆ ನಿಲ್ಲಿಸಿದನು. 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ಹಿರಿಯ ಮದಕರಿನಾಯಕನು ಬಿದನೂರಿನ ಕೂಟದೆದುರು ಹೋರಾಡಿ ಮಡಿದಿದ್ದುದನ್ನು ನೆನೆದರೆ ಈ ಉತ್ಸಾಹದಲ್ಲಿ ಆಶ್ಚರ್ಯವಿಲ್ಲ.

ತರುಣನು ನಿಜವಾದ ವಾರಸುದಾರನೇ ಎಂದು ಚರ್ಚಿಸುವವರುಂಟು. ಹೈದರನಿಗಂತೂ ಆ ಪ್ರಶ್ನೆ ಮುಖ್ಯವಾಗಿರಲಿಲ್ಲ. ರಾಣಿಯು ಹಣವೊಡ್ಡಿದರೂ ಆತನು ನಿಲ್ಲಲಿಲ್ಲ. ಕುಂಸಿಯಲ್ಲಿ ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣನು ಬಿದನೂರಿನ ಗುಪ್ತಮಾರ್ಗವನ್ನು ತಿಳಿಸಿಕೊಟ್ಟನು. ಇದೂ ಒಳಪಕ್ಷದ ಸೇಡೇ. ನಗರವು ಕೈಸೇರಿದ ಮೇಲೆ ಅದಕ್ಕೆ ಹೈದರ್‌ನಗರವೆಂಬ ಹೆಸರು ಬಂದಿತು. ಪಟ್ಟದ ಆಸೆಯಿಂದ ಬಂದ ತರುಣನೂ ರಾಣಿಯೂ ಒಂದೇ ಮಧುಗಿರಿಯ ದುರ್ಗದಲ್ಲಿ ಸೆರೆಯಾದರು. 1767ರಲ್ಲಿ ಮರಾಠರು ರಾಣಿಯನ್ನು ಬಿಡಿಸಿದರು. ಪುಣೆಯ ದಾರಿಯಲ್ಲಿ ಆಕೆ ತೀರಿಕೊಂಡಳು.

ಚಿತ್ರದುರ್ಗಕ್ಕೆ ಇದರಿಂದ ದೊರೆತುದೇನು? ದಕ್ಷಿಣದಲ್ಲಿದ್ದ ಹೈದರನು ಈಗ ಪಶ್ಚಿಮದಲ್ಲೂ ನೆರೆಯವನಾದನು. 1779ರಲ್ಲಿ ದುರ್ಗವು ಬಿದ್ದಾಗ ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಒಯ್ಯಲಾಯಿತು.